ಜಪದ ಉಳಿದರ್ಧ

ಆ ಹುಡುಗಿ ಬಸ್ ಕಂಡಕ್ಟರ್ ಕೆಲಸಕ್ಕೆಂದೇ ಹುಟ್ಟಿದಂತಿದ್ದಳು. ಮುಂಬಾಗಿಲಲ್ಲಿ ನಿಂತು ಒಂದು ಸಲ ಕೂಗಿದರೆ ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದವರೂ ಧಡಕ್ಕನೆ ಎದ್ದು ಚಿಲ್ಲರೆ ಹುಡುಕುತ್ತಿದ್ದರು. ಡಿಪೋದಲ್ಲಿ ಅವಳ ಹೆಸರೇ ಹಾರನ್. ಇಂಥ ಗಂಟಲಿನವಳು ಚರ್ಚಿನಲ್ಲಿ ಮಾತ್ರ ವರ್ಷದಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಕಾರಣ ಅಪ್ಪ. ಆಸ್ಪತ್ರೆಯಲ್ಲಿ ಅಪ್ಪನ ಮಂಚದ ಪಕ್ಕ ನಿಂತು, ಯೇಸುವಿನ ತಾಯಿಯನ್ನು ನೆನೆದು, "ಮರಿಯಮ್ಮಾ, ಇದೊಂದು ಟ್ರಿಪ್ ಮುಗಿಸ್ಕೊಂಡು ಬಂದ್ಬಿಡ್ತೀನಿ, ಅಲ್ಲೀವರೆಗೂ ನೋಡ್ಕೋ" ಎಂದು ಬೇಡಿಕೊಂಡು ಡ್ಯೂಟಿಗೆ ಹೋಗಿದ್ದಳು. ವಾಪಸ್ಸು ಬಂದಾಗ ಮಂಚದ ಮೇಲೆ ಒಗೆದ ಹಾಸಿಗೆಬಟ್ಟೆ ಹಾಸಿತ್ತು. ಅವತ್ತಿನಿಂದ, ಜಪಸರದ ಮಣಿ ಎಣಿಸುತ್ತ ಹೇಳುವ ಮರಿಯಮ್ಮನ ಪ್ರಾರ್ಥನೆಯಲ್ಲಿ 'ನಮ್ಮ ಮರಣದ ಸಮಯದಲ್ಲೂ ಪ್ರಾರ್ಥಿಸಿರಿ' ಎಂಬ ಮಾತು ಬಂದರೆ ಅವಳ ಹಲ್ಲು ಕಚ್ಚಿಕೊಳ್ಳುತ್ತಿತ್ತು. ಕರೆದಾಗ ಬಾರದವಳನ್ನು ಮತ್ತೆ ಕರೆಯುವುದೇಕೆ? ಅಪ್ಪ ಒಬ್ಬನೇ ಹೋದ ಎಂಬ ಸಂಕಟ ಅವಳ ಊಟ ನಿದ್ದೆಯನ್ನೆಲ್ಲ ಕೆಡಿಸಿತ್ತು.

ಊರೂರಿನ ಜನ ಸೇರಿ ಹೊರಟಿದ್ದ ಯಾತ್ರೆಗೆ ಅವಳನ್ನು ಎಳೆದು ತಂದವಳು ಅತ್ತೆ, ಅಂದರೆ ಅಪ್ಪನ ಅಕ್ಕ. ಮಂಡಿ ನೋಯುತ್ತದೆ, ಆದರೂ ಗುಡ್ಡದ ಮೇಲಿನ ಮಾತೆಯ ದೇವಾಲಯಕ್ಕೆ ನಡೆದೇ ಹೋಗಬೇಕಂತೆ. "ಪ್ರಾರ್ಥನೆ ಮಾಡದಿದ್ರೆ ಬೇಡ ಬಿಡು. ನನ್ನ ಚೀಲ ಹೊರು, ಅದಕ್ಕೇನೂ ಭಕ್ತಿ ಬೇಡ" ಎಂದಿದ್ದಳು.

ಅರ್ಧ ದಾರಿಯಲ್ಲಿ, ಮೈಕು ಹಿಡಿದು ಜಪಸರ ಹೇಳಿಸುತ್ತಿದ್ದ ಚರ್ಚಿನ ಉಪದೇಶಿಯ ಗಂಟಲು ಕಟ್ಟಿತು. ಅತ್ತೆಗೆ ಅಷ್ಟೇ ಸಾಕಾಯಿತು. "ನಮ್ಮ ಹುಡುಗಿ ಇದ್ದಾಳಲ್ಲ! ಇವಳು ಕೂಗಿದ್ರೆ ಪಕ್ಕದ ಬಸ್ಸೂ ಬ್ರೇಕ್ ಹಾಕುತ್ತೆ."

ಅಷ್ಟು ಜನರ ಮುಂದೆ ಬೇಡವೆನ್ನಲಾಗದೆ, ಅತ್ತೆಯನ್ನು ದುರುಗುಟ್ಟಿ ನೋಡುತ್ತಲೇ ಅವಳು ಮೈಕು ತೆಗೆದುಕೊಂಡಳು. ಒಳಗೊಳಗೇ ಲೆಕ್ಕ ಹಾಕಿದ್ದಳು: ಮಣಿಗೊಂದು ಪ್ರಾರ್ಥನೆ, ಅದರ ಮೊದಲರ್ಧ ಹೇಳಿಸುವವರದು, ಕೊನೆಯರ್ಧ ಜನರದು. ಮರಣದ ಮಾತು ತನ್ನ ಪಾಲಿಗೆ ಬರುವುದಿಲ್ಲ. ಮೊದಲ ಹತ್ತು ಮಣಿಗಳು ಹಾಗೇ ಸಲೀಸಾಗಿ ಸರಿದವು.

ಆದರೆ ಅವರ ಕಡೆಯ ಚರ್ಚುಗಳಲ್ಲಿ ಹತ್ತು ಮಣಿ ಮುಗಿದರೆ ಪಾಳಿ ಬದಲಾಗುತ್ತದೆ. ಜನ ಶುರು ಮಾಡುತ್ತಾರೆ, ಹೇಳಿಸುವವರು ಮುಗಿಸಬೇಕು. ವರ್ಷದಿಂದ ತುಟಿ ಬಿಚ್ಚದವಳಿಗೆ ಅದು ಮರೆತೇಹೋಗಿತ್ತು. "ನಮೋ ಮರಿಯೆ" ಎಂದು ಜನರೇ ಆರಂಭಿಸಿದಾಗಲೇ ನೆನಪಾಗಿದ್ದು. ಅವರು ತಮ್ಮ ಪಾಲು ಹೇಳಿ ನಿಲ್ಲಿಸಿದರು. ಇವಳ ಬಾಯಿಂದ ಸ್ವರವಿಲ್ಲ. ಚಪ್ಪಲಿಗಳ ಸರಪರ ಸದ್ದೊಂದೇ. ಮೈಕು ಕೆಟ್ಟಿತೇನೋ ಎಂದು ಹಿಂದೆ ಯಾರೋ ಗೊಣಗಿದರು.

ಅತ್ತೆ ಕುಂಟುತ್ತ ಹತ್ತಿರ ಬಂದು ಮೈಕಿಗೆ ಅಂಗೈ ಅಡ್ಡ ಹಿಡಿದಳು. "ಅವತ್ತು ನಾನೂ ಇರ್ಲಿಲ್ಲ ಕಣೇ. ಊಟ ತರೋಕೆ ಮನೆಗೆ ಹೋಗಿದ್ದೆ. ನೀನೂ ಇಲ್ಲ, ನಾನೂ ಇಲ್ಲ. ಆ ತಾಯಿಯಾದ್ರೂ ಅವನ ಪಕ್ಕ ಕೂತಿದ್ಳು ಅಂತ ನಂಬಿದ್ದೀನಿ. ಅದಕ್ಕೇ ಬದುಕಿದ್ದೀನಿ."

ಅತ್ತೆ ಇದನ್ನು ಯಾರಿಗೂ ಹೇಳಿರಲಿಲ್ಲ. ಹುಡುಗಿ ಆ ಮುಖವನ್ನೇ ನೋಡಿದಳು. ನಗಿಸುತ್ತ, ಗದರುತ್ತ ಓಡಾಡಿಕೊಂಡಿದ್ದ ಈ ಹೆಂಗಸು ತನ್ನಷ್ಟೇ ಬೆಂದಿದ್ದಾಳೆ. ಆದರೂ ದಿನಾ ಅದೇ ತಾಯಿಯನ್ನು ಕರೆಯುತ್ತಾಳೆ. ತಾನು ಬೇಡಿದ್ದಾದರೂ ಏನು? ನೋಡ್ಕೋ ಎಂದಿದ್ದಳು. ನೋಡಿಕೊಳ್ಳಲಿಲ್ಲ ಎಂದು ಹೇಳಲು ತಾನೇನು ಅಲ್ಲಿದ್ದಳೇ?

ಅತ್ತೆ ಕೈ ತೆಗೆದಳು. ಹುಡುಗಿ ಬಾಯಿ ತೆರೆದಳು. "ಸಂತ ಮರಿಯೆ, ದೇವಮಾತೆಯೆ, ಪಾಪಿಗಳಾದ ನಮಗಾಗಿ ಈಗಲೂ..." ಸ್ವರ ಒಡೆಯಿತು. ಮುಂದಿನದು ಅವಳು ಅಂದುಕೊಂಡು ಹೇಳಿದ್ದಲ್ಲ, ತಾನಾಗಿ ಬಂತು. "ನಮ್ಮಪ್ಪನ ಮರಣದ ಸಮಯದಲ್ಲೂ ಪ್ರಾರ್ಥಿಸಿರಿ."

ತಪ್ಪು ಹೇಳಿದೆನೆಂದು ತಿಳಿದು ಅವಳ ಮುಖ ಕೆಂಪೇರಿತು. ಸಾಲಿನ ಕೊನೆಯವರೆಗೂ ಆ ಮಾತು ಕೇಳಿಸಿತ್ತು. ಆಮೇಲೆ ಅಷ್ಟೂ ಜನ, ಅವಳಪ್ಪ ಯಾರೆಂದೇ ಅರಿಯದವರು, ಒಟ್ಟಿಗೆ "ಆಮೆನ್" ಎಂದರು.