ಹತ್ತು ನಿಮಿಷದ ನಡುಕ

ಹಿಮ್ಮಡಿಯಲ್ಲಿ ಶುರುವಾದ ನಡುಕ ಮೀನಖಂಡ ಹತ್ತಿ, ತೊಡೆಗೆ ಬಂದು, ಸೊಂಟ ಬೆನ್ನು ಎಲ್ಲ ದಾಟಿ ಈಗ ಮೇಲಿನ ಸಾಲಿನ ಕಟ್ಟಿಸಿಕೊಂಡ ಹಲ್ಲುಗಳಲ್ಲಿ ಕಟಕಟ ಎನ್ನುತ್ತಿದೆ, ಬಾಯಿ ಬಿಗಿ ಹಿಡಿಯಬೇಕು, ಇಲ್ಲದಿದ್ದರೆ ಪಕ್ಕದ ಮೈ ನಡುಗಿಸುವ ಮಿಷನ್ನಿನ ಮೇಲೆ ನಿಂತವರಿಗೂ ಕೇಳಿಸುತ್ತದೆ — ಮೊಣಕಾಲು ಒಂಚೂರು ಮಡಚಿರಲಿ ಅಪ್ಪಾಜಿ, ಬಿಗಿ ಮಾಡಿದ್ರೆ ನಡುಕ ಸೀದಾ ತಲೆಗೆ ಹೋಗುತ್ತೆ, ಎಂದು ಈ ಥೆರಪಿ ಸೆಂಟರ್ ನಡೆಸುವ ನಾಗೇಂದ್ರ ಮೊದಲ ದಿನವೇ ಹೇಳಿಕೊಟ್ಟಿದ್ದ, ಹೊಸನಗರದ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಸಾವಧಾನ್, ವಿಶ್ರಾಮ್ ಎಂದು ಕೂಗಿದ ಪೀಟಿ ಮೇಷ್ಟ್ರು ಧರ್ಮಪ್ಪನವರು ನಿಲ್ಲುವುದು ಹೇಗೆಂದು ಕಲಿಯಲು, ರಿಟೈರಾಗಿ ಸಾಗರ ಸೇರಿದ ಮೇಲೆ, ಇಲ್ಲಿನ ಹಾರ್ಡ್‌ವೇರ್ ಅಂಗಡಿಯ ಮಹಡಿಗೆ ಬರಬೇಕಾಯಿತು. ಹಿಡಿಕೆಯ ಮೇಲಿನ ಕೆಂಪು ಅಂಕಿ ಒಂಬತ್ತೂವರೆ ನಿಮಿಷ ಬಾಕಿ ಎನ್ನುತ್ತಿದೆ, ಅಂಕಿ ನೋಡಲು ಹೋದರೆ ಅದರಾಚೆಯ ಕುರ್ಚಿಗಳ ಸಾಲೂ ಕಾಣುತ್ತದೆ, ಸಾಲಿನ ಮೊದಲ ಕುರ್ಚಿಯಲ್ಲಿ ರಂಗಮ್ಮ ಕೂತಿದ್ದಾಳೆ, ಅದಕ್ಕೇ ಅಂಕಿಯನ್ನೂ ನೋಡುವಂತಿಲ್ಲ. ಅದೇ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದ ರಂಗಮ್ಮ, ಈಗ ಸಾಗರದಲ್ಲಿ ಮಗಳ ಮನೆಯಲ್ಲಿರುವ ರಂಗಮ್ಮ, ಸೀರೆಯ ಮೇಲೆ ಅಗಲವಾದ ಬೆಲ್ಟು ಕಟ್ಟಿಕೊಂಡು ತನ್ನ ಪಾಳಿಗೆ ಕಾಯುತ್ತಿರುವ ರಂಗಮ್ಮ. ಬೆನ್ನುಮೂಳೆಯ ಒಂದು ಮಣಿ ಕುಸಿದು ಎರಡು ತಿಂಗಳೂ ಆಗಿಲ್ಲ, ಈ ಮಿಷನ್ ಹತ್ತಲೇಕೂಡದು ಎಂದು ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ, ಚೀಟಿಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದಾಳೆ, ಬೆಲ್ಟು ಎಂತಕ್ಕಮ್ಮ ಎಂದು ನಾಗೇಂದ್ರ ಕೇಳಿದ್ದಕ್ಕೆ ವಾಯು ಹಿಡ್ದಿತ್ತು ಮಾರಾಯ್ರೆ ಎಂದಳು. ಮೇಷ್ಟ್ರು ಇಳಿದ ಕೂಡಲೇ ಅವಳು ಹತ್ತುತ್ತಾಳೆ. ಹತ್ತಬೇಡ ಎನ್ನಬೇಕಾದವರು ಹಲ್ಲು ಬಿಗಿಹಿಡಿದು ನಡುಗುತ್ತಾ ನಿಂತಿದ್ದಾರೆ.

ಇಷ್ಟಕ್ಕೆಲ್ಲ ಕಾರಣ ಒಂದು ಮಾತು, ಒಂದೇ ಒಂದು ಮಾತು, ಅದೂ ಮೈಕು ಕೈಗೆ ಬಂದದ್ದಕ್ಕೆ. ಶನಿವಾರ ಶನಿವಾರ ಇಲ್ಲಿ ಅನುಭವ ಹೇಳಿಸುತ್ತಾರೆ, ಯಾರಿಗೆ ಎಷ್ಟು ವಾಸಿಯಾಯಿತೆಂದು ಒಬ್ಬೊಬ್ಬರೇ ಎದ್ದು ಹೇಳಬೇಕು, ಹೇಳಿದ ಕೂಡಲೇ ಚಪ್ಪಾಳೆ — ಕೆಳದಿ ಕಡೆಯವರೊಬ್ಬರು ಈಗ ನಿದ್ದೆ ಬರ್ತಿದೆ ಎಂದರು, ಚಪ್ಪಾಳೆ, ಇನ್ನೊಬ್ಬರು ಚಕ್ಕಳಮಕ್ಕಳ ಹಾಕಿ ಕೂತು ಊಟ ಮಾಡಿದೆ ಎಂದರು, ಚಪ್ಪಾಳೆ, ಕೊನೆಗೆ ನಮ್ಮ ಧರ್ಮಪ್ಪ ಸರ್ ಎರಡು ಮಾತಾಡ್ಬೇಕು ಎಂದು ನಾಗೇಂದ್ರ ಮೈಕು ಹಿಡಿದ. ನಿಜ ಹೇಳಿದ್ದರೆ ಸಾಕಿತ್ತು, ನಿಜವೇನೂ ಸಣ್ಣದಲ್ಲ, ಮೂರು ತಿಂಗಳು ನಿಂತ ಮೇಲೆ ತೊಡೆಗೆ ಸ್ವಲ್ಪ ಕಸುವು ಬಂದಿತ್ತು, ಕುರ್ಚಿಯಿಂದ ಕೈ ಊರದೆ ಏಳುತ್ತಿದ್ದರು, ಓಡಾಡಲಾಗದವರ ಸ್ನಾಯುಗಳಿಗೆ ಈ ಅಲುಗಾಟ ಒಂದಿಷ್ಟು ಕೆಲಸ ಕೊಡುತ್ತೆ, ಕಾಲಿನ ಹಿಡಿತಕ್ಕೂ ಒಳ್ಳೆಯದಿರಬಹುದು ಎಂದು ತೀರ್ಥಹಳ್ಳಿಯ ಡಾಕ್ಟರೂ ಒಪ್ಪಿದ್ದರು, ಮೂಳೆ ಗಟ್ಟಿಯಾಗುತ್ತೆ ಅಂತ ನಾನು ಖಾತ್ರಿ ಕೊಡಲಾರೆ ಮೇಷ್ಟ್ರೇ, ಮಿಷನ್ ಇದೆ ಅಂತ ದಿನದ ಮೂಳೆ ಮಾತ್ರೆ ಬಿಡೋ ಹಾಗಿಲ್ಲ, ಎಂದಿದ್ದರು. ತೀರ್ಥಹಳ್ಳಿಗೆ ಯಾಕೆ ಹೋದದ್ದು, ಸಾಗರದಲ್ಲಿ ಡಾಕ್ಟರಿಗೆ ಬರವೇ — ಇಲ್ಲಿ ಯಾರಾದರೂ ನೋಡಿಬಿಟ್ಟರೆ ಎಂದು, ಮಾತ್ರೆ ನುಂಗುವವರೆಲ್ಲ ಸೋಮಾರಿಗಳು ಎಂದು ಪ್ರಾರ್ಥನೆಯ ಸಾಲಿನೆದುರು ಭಾಷಣ ಬಿಗಿದ ಬಾಯಲ್ಲವೇ ಇದು, ಹಾಗಾಗಿ ಹೆಂಡತಿ ವಿಶಾಲಮ್ಮನನ್ನು ಕರೆದುಕೊಂಡು, ಮದುವೆಗೆ ಹೊರಟವರ ಹಾಗೆ ಇಸ್ತ್ರಿ ಅಂಗಿ ತೊಟ್ಟು ಬಸ್ಸು ಹತ್ತಿ, ಹೊಸನಗರ ಬಂದಾಗ ಪರಿಚಯದವರು ಯಾರೂ ಹತ್ತದಿರಲಿ ಎಂದು ಕಿಟಕಿಯತ್ತ ಮುಖ ತಿರುಗಿಸಿ, ಕೋಣಂದೂರು ದಾಟಿದ ಮೇಲೆ ಉಸಿರುಬಿಟ್ಟು, ಎರಡೂ ಮಂಡಿಗೆ ಇಂಜೆಕ್ಷನ್ ಚುಚ್ಚಿಸಿಕೊಂಡು ಬಂದಿದ್ದರು. ಅದಾದ ಒಂದು ವಾರಕ್ಕೆ ಮೈಕು. ಮಂಡಿನೋವು ಮಂಗಮಾಯ ಎಂದರು, ಚಪ್ಪಾಳೆ ಬಿತ್ತು, ಆದರೆ ನಿದ್ದೆ ಬಂದವರಿಗೆ ಬಿದ್ದಷ್ಟೇ ಬಿತ್ತು, ಅಷ್ಟಕ್ಕೇ ಮೈಕು ವಾಪಸು ಕೊಟ್ಟಿದ್ದರೆ ಆಗುತ್ತಿತ್ತು, ಕೊಡಲಿಲ್ಲ, ಮಾತ್ರೆ ಗೀತ್ರೆ ಎಲ್ಲ ಕಸದ ಬುಟ್ಟಿಗೆ ಹಾಕಿದೆ ನೋಡಿ ಎಂದುಬಿಟ್ಟರು. ಆಗ ಬಿತ್ತು ಚಪ್ಪಾಳೆ, ಕೆಳಗಿನ ಅಂಗಡಿಯವರು ಮೇಲೆ ನೋಡುವಷ್ಟು, ಎಷ್ಟೋ ವರ್ಷದ ಮೇಲೆ ಕಿವಿ ತುಂಬಿತು, ಹೌದು, ಖುಷಿಯಾಯಿತು, ಸುಳ್ಳೆಂದು ಗೊತ್ತಿದ್ದೂ ಖುಷಿಯಾಯಿತು. ಹಿಂದಿನ ಸಾಲಿನಲ್ಲಿ ಕೂತು ಎಲ್ಲ ಕೇಳಿದ್ದ ವಿಶಾಲಮ್ಮ ಮನೆಗೆ ಬಂದು ಕಾಫಿ ಲೋಟದ ಪಕ್ಕ ಎಂದಿನ ಮಾತ್ರೆ ಇಟ್ಟು, ಕಸದ ಬುಟ್ಟೀಲಿ ಸಿಕ್ತು, ತಗೊಳ್ಳಿ, ಎಂದಳು. ಮೇಷ್ಟ್ರು ನುಂಗಿದರು.

ರಂಗಮ್ಮ ಅವತ್ತು ಇದ್ದದ್ದೇ ಗೊತ್ತಿರಲಿಲ್ಲ — ಗೊತ್ತಿತ್ತು, ಗೋಡೆಯ ಪಕ್ಕ ನಿಂತು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದುದನ್ನು ಕಂಡೇ ಇನ್ನಷ್ಟು ಹುರುಪು ಬಂದದ್ದು, ಈಗ ಈ ನಡುಕದಲ್ಲಾದರೂ ನಿಜ ಹೇಳಿಕೊಳ್ಳಬೇಕು. ಮೂಳೆ ಸವೆದಿದೆ ಎಂದು ಅವಳಿಗೆ ವಾರಕ್ಕೊಂದು ಮಾತ್ರೆ ಕೊಟ್ಟಿದ್ದರು, ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ ನೀರಿನಲ್ಲಿ ನುಂಗಿ ಅರ್ಧ ಗಂಟೆ ಮಲಗದೆ ಕೂತಿರಬೇಕಾದ ಮಾತ್ರೆ, ಎದೆ ಉರಿ ಬರ್ತದೆ ಮೇಷ್ಟ್ರೇ ಅದ್ರಿಂದ, ಎನ್ನುತ್ತಿದ್ದಳು, ಬಿಡಲು ಒಂದು ನೆಪ ಬೇಕಿತ್ತು, ನೆಪ ಮೈಕಿನಲ್ಲಿ ಬಂತು. ಏಳು ತಿಂಗಳು ಮಾತ್ರೆಯಿಲ್ಲ, ದಿನಾ ಮಿಷನ್. ಒಂದು ಬೆಳಗ್ಗೆ ಬಚ್ಚಲಲ್ಲಿ ತುಂಬಿದ ಬಕೆಟ್ಟು ಎತ್ತಿದಳು, ಅಷ್ಟೇ, ಜಾರಿದ್ದಲ್ಲ, ಬಿದ್ದದ್ದಲ್ಲ, ಮುನ್ನೂರು ಮಕ್ಕಳ ಅನ್ನದ ಪಾತ್ರೆ ಇಳಿಸುತ್ತಿದ್ದ ಹೆಂಗಸು. ಮಾತ್ರೆ ತಗೊಂಡಿದ್ದರೂ ಕುಸಿಯುತ್ತಿತ್ತೇನೋ, ಯಾರಿಗೆ ಗೊತ್ತು — ಈ ಯಾರಿಗೆ ಗೊತ್ತು ಎನ್ನುವುದನ್ನು ಅಂದಿನಿಂದ ಬಾಯಲ್ಲಿಟ್ಟು ಚೀಪುತ್ತಿದ್ದಾರೆ, ಕಹಿ ಹೋಗಿಲ್ಲ. ನೋಡಲು ಹೋದಾಗ ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದರು, ಅವಳು ಮಲಗಿದಲ್ಲೇ ಸೆರಗು ಸರಿಮಾಡಿಕೊಂಡು, ನಂದೇ ತಪ್ಪು ಮೇಷ್ಟ್ರೇ, ನೀವು ಸಮಾ ನಿಂತ್ರಿ, ನಿಮಗೆ ಹಿಡೀತು, ನಾನು ಮೊಣಕಾಲು ಮಡ್ಚದೆ ಸೆಟೆದು ನಿಂತೆ ಕಾಣ್ತದೆ, ನಂಗೆ ಮೊದ್ಲಿಂದ್ಲೂ ಡ್ರಿಲ್ಲು ಗೊತ್ತಿಲ್ವಲ್ಲ, ಓಡಾಡೋ ಹಾಗಾದ್ಮೇಲೆ ನೀವೇ ಒಂದ್ಸಲ ನಿಲ್ಲಿಸಿ ತೋರ್ಸಿ, ಎಂದಳು. ಆಗಲೇ ಹೇಳಬಹುದಿತ್ತು, ಬಾಗಿಲು ಹಾಕಿದ ಕೋಣೆ, ಕೇಳುವವರು ಯಾರೂ ಇರಲಿಲ್ಲ, ಒಂದು ನಿಮಿಷದ ಮಾತು. ಆಗಲಿ ರಂಗಮ್ಮ, ತೋರಿಸ್ತೀನಿ, ಮೊದಲು ನೀನು ಎದ್ದೇಳು, ಎಂದು ಹೇಳಿ, ಅವಳ ಮಗಳು ತಂದಿಟ್ಟ ಚಹಾದಲ್ಲಿ ಬಿಸ್ಕತ್ತು ಅದ್ದಿಕೊಂಡು ತಿಂದರು. ಬಿಸ್ಕತ್ತು ತಿಂದರು, ಅದೂ ಎರಡು, ಥೂ.

ಮೂರು ನಿಮಿಷ. ನಾಗೇಂದ್ರನ ಕಿವಿಯಲ್ಲಿ ಹೇಳಿದರೆ ಹೇಗೆ, ಅವಳಿಗೆ ಬೆನ್ನು ಮುರಿದಿದೆ, ಹತ್ತಿಸಬೇಡ ಎಂದು, ಅವನು ಹೆದರಿ ಇವತ್ತು ಕಳಿಸಿಬಿಡುತ್ತಾನೆ, ನಾಳೆ ಅವಳು ಬೆಲ್ಟು ಬಿಚ್ಚಿಟ್ಟು ಬರುತ್ತಾಳೆ, ಪೀಟಿ ಮೇಷ್ಟ್ರ ಮಂಡಿಯನ್ನೇ ವಾಸಿ ಮಾಡಿದ ಮಿಷನ್ನು ತನ್ನ ಬೆನ್ನನ್ನು ಬಿಡುತ್ತದೆಯೇ ಎನ್ನುತ್ತಾಳೆ, ಮಾತ್ರೆಯಂತೂ ಮುಟ್ಟುವುದಿಲ್ಲ, ಡಾಕ್ಟರು ಮತ್ತೆ ಕೊಟ್ಟದ್ದನ್ನೂ ಡಬ್ಬಿಯಲ್ಲಿ ಹಾಗೇ ಇಟ್ಟಿದ್ದಾಳೆಂದು ಮಗಳೇ ಹೇಳಿದ್ದಾಳೆ, ನೀವಾದ್ರೂ ಹೇಳಿ ಸರ್, ನಿಮ್ಮ ಮಾತು ಕೇಳ್ತಾರೆ, ಎಂದು ಬೇರೆ. ಕೇಳುತ್ತಾಳೆ, ಅದೇ ಆದ ಅನಾಹುತ. ಬುದ್ಧಿ ಹೇಳಿದರೆ ಆಗುವುದಿಲ್ಲ, ಇಂಜೆಕ್ಷನ್ ವಿಷಯ ಹೇಳಬೇಕು, ಬುಟ್ಟಿಗೆ ಹಾಕಿದ್ದು ಸುಳ್ಳೆಂದೇ ಹೇಳಬೇಕು, ಇಷ್ಟು ಜನರ ಎದುರು, ಇವರೆಲ್ಲ ನಾಳೆಯಿಂದ ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಸಿಗುವವರು — ಒಂದು ನಿಮಿಷ, ಅವಳು ಎದ್ದಳು, ಕುರ್ಚಿಯ ಕೈ ಹಿಡಿದು ಎರಡು ಸಲ ಪ್ರಯತ್ನಿಸಿ ಎದ್ದಳು, ಮುಖ ನೋಡುವ ಧೈರ್ಯವಿಲ್ಲ, ಪಾದ ನೋಡುತ್ತಾರೆ, ಸಾಲಿನಲ್ಲಿ ಯಾರನ್ನೇ ನಿಲ್ಲಿಸಲಿ ಮೊದಲು ಪಾದ ನೋಡುವ ಅಭ್ಯಾಸ, ಅಡುಗೆಮನೆಯ ಒದ್ದೆ ನೆಲದಲ್ಲಿ ನಿಂತು ನಿಂತು ಅಗಲವಾದ ಪಾದ, ಬಿರಿದ ಹಿಮ್ಮಡಿ, ಸಣ್ಣ ಸಣ್ಣ ಹೆಜ್ಜೆ, ಬಂತು, ಚಪ್ಪಲಿ ಬಿಟ್ಟಿತು, ಬಲಪಾದ ಮಿಷನ್ನಿನ ಹಲಗೆಯ ಅಂಚಿಗೇ ಬಂತು, ಇಷ್ಟು ಮಡಚಿದ್ರೆ ಸಾಕಾ ಮೇಷ್ಟ್ರೇ, ಎಂದಳು. ಈಗಲೇ ಹೇಳಬೇಕು, ನಡುಗುತ್ತಿರುವಾಗಲೇ, ದನಿ ನಡುಗಿದರೆ ಮಿಷನ್ನಿನ ಮೇಲೆ ಹಾಕಬಹುದು, ಇಲ್ಲೂ ಒಂದು ಕಳ್ಳಾಟ, ಇರಲಿ — ರಂಗಮ್ಮ, ಹತ್ತಬೇಡ, ನಾನು ಅವತ್ತು, ಎಂದರು, ಅಕ್ಷರಗಳು ಗಡಗಡ ಉದುರಿದವು, ಪಕ್ಕದವರು ನಕ್ಕರು, ನಾನು ಅವತ್ತು ಮೈಕಲ್ಲಿ, ಎನ್ನುವಷ್ಟರಲ್ಲಿ ಕೀಂ ಎಂದು ಮಿಷನ್ ನಿಂತಿತು, ಮೈ ನಿಂತಿತು, ಮಾತು ಒಂಟಿಯಾಗಿ ಹೊರಬಂತು, ಪ್ರಾರ್ಥನೆಯ ಮೈದಾನದ ದನಿಯಲ್ಲಿ, ಕೊನೆಯ ಕುರ್ಚಿಗೂ ಕೇಳುವ ಹಾಗೆ: ಸುಳ್ಳು ಹೇಳಿದೆ, ತೀರ್ಥಹಳ್ಳಿಗೆ ಹೋಗಿ ಮಂಡಿಗೆ ಇಂಜೆಕ್ಷನ್ ತಗೊಂಡಿದ್ದೆ, ಮಾತ್ರೆ ಒಂದು ದಿನವೂ ಬಿಟ್ಟಿಲ್ಲ, ಇವತ್ತೂ ನುಂಗಿಯೇ ಬಂದಿದ್ದೇನೆ, ನೀನು ಬಿಡಬಾರದಿತ್ತು, ನಿನ್ನ ಬೆನ್ನು ಮುರಿದದ್ದು ನಿನ್ನ ತಪ್ಪಲ್ಲ, ನೀನು ನಿಂತದ್ದರಲ್ಲಿ ಏನೂ ತಪ್ಪಿಲ್ಲ.

ಯಾರೋ ಅಭ್ಯಾಸಬಲದಿಂದ ಎರಡು ಚಪ್ಪಾಳೆ ತಟ್ಟಿ ನಿಲ್ಲಿಸಿದರು, ನಾಗೇಂದ್ರ ಏನಮ್ಮ ಬೆನ್ನು ಮುರಿದಿದ್ಯಾ ಎನ್ನುತ್ತಾ ಓಡಿಬರುತ್ತಿದ್ದಾನೆ, ಅದೆಲ್ಲ ಎಲ್ಲೋ ದೂರದಲ್ಲಿ ನಡೆಯುತ್ತಿದೆ. ಹೌದಾ ಮೇಷ್ಟ್ರೇ, ಎಂದಳು ರಂಗಮ್ಮ. ಬೈಯಲಿ, ಒಂದು ಸಲ ಬೈದುಬಿಡಲಿ, ಬೈಯಲಿಲ್ಲ. ಏಳು ತಿಂಗಳು ಇಲ್ಲೇ ಎದುರುಬದುರು ಕೂತಿದ್ವಲ್ಲ ಮೇಷ್ಟ್ರೇ, ಎಂದಳು, ನಿಧಾನಕ್ಕೆ, ಲೆಕ್ಕ ತಪ್ಪಿದವರು ಮತ್ತೆ ಮೊದಲಿಂದ ಎಣಿಸುವ ಹಾಗೆ. ಹಲಗೆಯ ಅಂಚಿನಿಂದ ಪಾದ ಕೆಳಗಿಳಿಯಿತು, ಚಪ್ಪಲಿ ಹುಡುಕಿತು, ಒಂದು ಚಪ್ಪಲಿ ಮಗುಚಿ ಬಿದ್ದಿತ್ತು, ಬೆಲ್ಟು ಅವಳನ್ನು ಬಗ್ಗಲು ಬಿಡುವುದಿಲ್ಲ, ಹೆಬ್ಬೆರಳು ಅದನ್ನು ತಿರುಗಿಸಲು ನೋಡಿತು, ಜಾರಿತು, ಮತ್ತೆ ನೋಡಿತು, ಮತ್ತೆ ಜಾರಿತು, ಮೇಷ್ಟ್ರು ಇಳಿದು ಅವಳ ಮುಂದೆ ಮಂಡಿಯೂರಿ ಕೂತರು, ನೋವೇ ಆಗಲಿಲ್ಲ, ಹೋದ ತಿಂಗಳೂ ಚುಚ್ಚಿಸಿಕೊಂಡ ಮಂಡಿ ಹುಡುಗರ ಮಂಡಿಯ ಹಾಗೆ ಸಲೀಸಾಗಿ ಮಡಚಿತು, ನೋಯಬಾರದಿತ್ತೇ, ಈಗಲಾದರೂ ಒಂಚೂರು ನೋಯಬಾರದಿತ್ತೇ, ಚಪ್ಪಲಿಯನ್ನು ಸರಿಮಾಡಿ ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದರು, ಇಡು ರಂಗಮ್ಮ, ಕಾಲಿಡು — ಆ ಪಾದ ಹಿಂದಕ್ಕೆ ಸರಿಯಿತು. ತಲೆ ಎತ್ತಬೇಕು, ಕ್ಷಮಿಸು ಎನ್ನಬೇಕು, ನಾಳೆಯಿಂದ ತಾನೇ ಹೋಗಿ ಮಾತ್ರೆ ನುಂಗಿಸಿ ಬರುತ್ತೇನೆ ಎನ್ನಬೇಕು, ಕಣ್ಣೆದುರಿಗೆ ಬಿರಿದ ಹಿಮ್ಮಡಿ, ಅಗಲವಾದ ಬೆರಳು, ಬರಿಗಾಲು, ಅವರ ಕೈಯಿಂದ ಒಂದು ಗೇಣು ಹಿಂದಕ್ಕೆ.