ಹೊಗೆಯಕ್ಕನ ಮೂಗು

ಕಾರೊಂದು ಬಂದು ನಿಂತೊಡನೆ ಗ್ಯಾರೇಜಿನವರೆಲ್ಲ ಮುಂಭಾಗಕ್ಕೆ ನುಗ್ಗಿ ಬಾನೆಟ್ ಎತ್ತುವ ಹೊತ್ತಿಗೆ ಹೊಗೆಯಕ್ಕ ಮಾತ್ರ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಾಣಂತಿಯ ಕೋಣೆಗೆ ಕಾಲಿಡುವ ಹಿರಿಯಳಂತೆ ಸದ್ದಿಲ್ಲದೆ ಕಾರಿನ ಹಿಂಭಾಗಕ್ಕೆ ಹೋಗುತ್ತಿದ್ದರು. ಪೆಟ್ರೋಲ್ ತುಂಬುವ ಬಾಯಿಯ ಬಳಿ ಬಾಗಿ, ಕಣ್ಣು ಮುಚ್ಚಿ, ಎರಡು ಸಲ ಉಸಿರೆಳೆದುಕೊಳ್ಳುತ್ತಿದ್ದರು. ಮೂರನೆಯ ಸಲ ಎಂದೂ ಇಲ್ಲ. ಯಾಕೆಂದು ಕೇಳಿದರೆ, "ಮೂರನೇ ಸಲ ಎಳೆಯೋದು ಮೂಗಲ್ಲ, ಮನಸ್ಸು. ಅದು ತನಗೆ ಬೇಕಾದ ವಾಸನೆನೇ ತರುತ್ತೆ" ಎನ್ನುತ್ತಿದ್ದರು.

ಐವತ್ತು ದಾಟಿದ, ನೀಳಕಾಯದ ಹೆಂಗಸು. ತೊಡುತ್ತಿದ್ದ ಬೂದುಬಣ್ಣದ ಕೋಟು ಅವರಿಗಿಂತ ಎರಡು ಅಳತೆ ದೊಡ್ಡದು. ತೋಳುಗಳನ್ನು ಎರಡೆರಡು ಮಡಿಕೆ ಮಡಿಸಬೇಕಾಗುತ್ತಿತ್ತು. ಸಣ್ಣ ಕೋಟಿಗೆ ಸಣ್ಣ ಜೇಬು, ಅದರಲ್ಲಿ ತನ್ನ ಟಾರ್ಚು ಮಲಗುವುದಿಲ್ಲ ಎಂಬುದು ಅವರ ವಾದ. ದುರಸ್ತಿ ಮುಗಿದ ಕಾರನ್ನು "ಸರಿಹೋಯ್ತು" ಎಂದು ಹೇಳಿ ಕೊಟ್ಟವರಲ್ಲ. "ಸದ್ಯಕ್ಕೆ ಸುಮ್ಮನಾಗಿದೆ" ಎಂದಷ್ಟೇ ಹೇಳುತ್ತಿದ್ದರು. ಗ್ಯಾರೇಜು ತಮ್ಮನದು. ಎಂಜಿನ್ನು, ಬ್ರೇಕು, ಗೇರು ಎಂಬ ಗಂಭೀರ ವ್ಯವಹಾರಗಳೆಲ್ಲ ಅವನ ಪಾಲಿಗೆ. ಯಾರಿಗೂ ಬೇಡವಾದ ಒಂದು ವಿದ್ಯೆ ಅಕ್ಕನ ಪಾಲಿಗೆ ಬಂದಿತ್ತು, ಅಥವಾ ಅಕ್ಕನೇ ಅದನ್ನು ಎತ್ತಿಕೊಂಡಿದ್ದರು.

ಆ ವಿದ್ಯೆ ಆವಿಯದು. ಪೆಟ್ರೋಲ್ ಟ್ಯಾಂಕಿನಲ್ಲಿ ಸದಾ ಆವಿ ಏಳುತ್ತಿರುತ್ತದೆ. ಅದು ಊರಿನ ಗಾಳಿಗೆ ಸೇರದಂತೆ ಇದ್ದಿಲು ತುಂಬಿದ ಡಬ್ಬಿಯೊಂದು ಹಿಡಿದಿಟ್ಟುಕೊಂಡು, ಎಂಜಿನ್ ಓಡುವಾಗ ಅದರ ಹೊಟ್ಟೆಗೆ ಹಾಕುತ್ತದೆ. ಈ ದಾರಿಯ ಕೊಳವೆ, ಕವಾಟ, ಮುಚ್ಚಳಗಳಲ್ಲಿ ಎಲ್ಲಾದರೂ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಚಾಲಕನ ಮುಂದೆ ಹಳದಿ ದೀಪ ಹತ್ತಿಕೊಳ್ಳುತ್ತದೆ. ಕಾರು ಮಾತ್ರ ಏನೂ ಆಗದಂತೆ ಓಡಿಕೊಂಡಿರುತ್ತದೆ. ಓಡುವ ಕಾರಿಗೆ ಎಂಥ ರೋಗ ಎಂದು ಉಳಿದವರು ಕೈಚೆಲ್ಲಿದಾಗ ಅಕ್ಕ ಬಿಳಿಹೊಗೆ ಊದುವ ಪುಟ್ಟ ಯಂತ್ರವನ್ನು ತಳ್ಳಿಕೊಂಡು ಬರುತ್ತಿದ್ದರು. ಆ ಕೊಳವೆಗಳೊಳಗೆ ಹೊಗೆ ತುಂಬಿಸಿ, ಅದು ಎಲ್ಲಿಂದ ಹೊರಗೆ ಇಣುಕುತ್ತದೆಂದು ಟಾರ್ಚು ಹಿಡಿದು ಕಾಯುವುದು ಅವರ ಕ್ರಮ. ಹೀಗಾಗಿ ಬೀದಿಯ ಬಾಯಲ್ಲಿ ಅವರು ಹೊಗೆಯಕ್ಕ. ಆ ಹೆಸರಿಗೆ ಅವರು ಬೇಸರಪಟ್ಟದ್ದಿಲ್ಲ. ಹೊಗೆ ಹಾಕುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ, ಒಳ್ಳೆಯದಕ್ಕೆ ಹಾಕುವವಳು ತಾನೊಬ್ಬಳೇ ಎಂದು ನಗುತ್ತಿದ್ದರು.

ಅವರು ಪತ್ತೆಹಚ್ಚಿದ ಕಾರಣಗಳ ಪಟ್ಟಿ ಕೇಳಿದರೆ ಯಾರಿಗೂ ನಗು ಬರಬೇಕು. ಮೂರು ಕಡೆ ಬಿಡಿಭಾಗ ಬದಲಾಯಿಸಿಕೊಂಡು ಸುಸ್ತಾಗಿ ಬಂದ ವಕೀಲರ ಕಾರಿನಲ್ಲಿ, ಗಾಳಿ ಒಳಗೆಳೆದುಕೊಳ್ಳುವ ಕವಾಟದ ಬಾಯಿಗೆ ಜೇಡವೊಂದು ಬಲೆ ನೇಯ್ದು ಸಂಸಾರ ಹೂಡಿತ್ತು. ಅಕ್ಕ ಅದನ್ನು ಕಡ್ಡಿಯ ಮೇಲೆ ಹತ್ತಿಸಿಕೊಂಡು ಗೋಡೆಯ ಸಂದಿಗೆ ಬಿಟ್ಟು ಬಂದರು. ಇನ್ನೊಬ್ಬಾತ ದಲ್ಲಾಳಿ, ಬಂಕಿನಲ್ಲಿ ಪೆಟ್ರೋಲ್ ನಳಿಕೆ ತಾನಾಗಿಯೇ 'ಟಕ್' ಎಂದು ನಿಂತ ಮೇಲೂ ಕುತ್ತಿಗೆವರೆಗೆ ತುಂಬಿಸುವ ಆಸಾಮಿ; ಅವನ ಇದ್ದಿಲ ಡಬ್ಬಿ ಆವಿಯ ಬದಲು ಪೆಟ್ರೋಲನ್ನೇ ಕುಡಿದು ತೊಯ್ದುಹೋಗಿತ್ತು. "ಸಾಕು ಅಂತ ಅದೇ ಹೇಳ್ತಿದೆಯಲ್ಲ, ಮತ್ತೆ ಯಾಕೆ ತುರುಕ್ತೀರಿ?" ಎಂದು ಅಕ್ಕ ಕೇಳಿದ ಧಾಟಿಗೆ, ಆತ ಆ ದಿನ ಮನೆಯಲ್ಲಿ ಎರಡನೆಯ ಸಲ ಬಡಿಸಿಕೊಳ್ಳಲಿಲ್ಲವೆಂದು ಅವನ ಹೆಂಡತಿಯೇ ಬಂದು ಹೇಳಿ ಹೋದಳು.

ಇಂಥ ಅಕ್ಕನಿಗೆ ಒಮ್ಮೆ ಜ್ವರ ಬಂತು. ಹತ್ತು ದಿನ ಮಲಗಿ ಎದ್ದರು. ಎದ್ದ ಮರುದಿನ ಅಡುಗೆಮನೆಯ ಮೇಜಿನ ಮುಂದೆ ಕೂತು ಪತ್ರಿಕೆ ಓದುತ್ತಿದ್ದಾಗ ತಮ್ಮನ ಹೆಂಡತಿ ಓಡಿಬಂದು ಒಲೆ ಆರಿಸಿದಳು. ಮಾರು ದೂರದಲ್ಲಿ ಹಾಲು ಸೀದು ಪಾತ್ರೆ ಕಪ್ಪಾಗಿತ್ತು. "ಇಲ್ಲೇ ಕೂತಿದ್ರಲ್ಲ ಅತ್ತಿಗೆ, ಗೊತ್ತಾಗ್ಲಿಲ್ವಾ?" ಎಂದಳು. ಅಕ್ಕ ಪತ್ರಿಕೆಯ ಪುಟ ತಿರುಗಿಸುತ್ತ, ಸುದ್ದಿ ಚೆನ್ನಾಗಿತ್ತು ಎಂದರು. ಆಮೇಲೆ ಒಬ್ಬರೇ ಸ್ನಾನದ ಮನೆಗೆ ಹೋಗಿ ಸೋಪನ್ನು ಮೂಗಿಗೆ ಹಿಡಿದು ನೋಡಿದರು. ಸೋಪು ಕಲ್ಲಿನಂತಿತ್ತು.

ಎರಡು ತಿಂಗಳು ಅವರು ಯಾರಿಗೂ ಹೇಳಲಿಲ್ಲ. ಕಾರಿನ ಹಿಂದೆ ಬಾಗುವುದನ್ನು ಬಿಡಲಿಲ್ಲ, ಕಣ್ಣು ಮುಚ್ಚುವುದನ್ನೂ ಬಿಡಲಿಲ್ಲ. ಆದರೆ ಆ ಎರಡು ಉಸಿರಿನಲ್ಲಿ ಈಗ ಬರಿಯ ಗಾಳಿ. ಹೊಗೆಯಂತ್ರ ಇರುವಾಗ ಮೂಗಿನ ಹಂಗೇಕೆ ಎಂದು ತಮಗೆ ತಾವೇ ಹೇಳಿಕೊಂಡರೂ, ಒಳಗೊಂದು ಅಳುಕು ಮನೆಮಾಡಿತ್ತು. ಜನ ತನ್ನ ಕೈಗೆ ಕಾರು ಕೊಡುವುದು ಯಂತ್ರವನ್ನು ನಂಬಿಯಲ್ಲ.

ಆ ದಿನಗಳಲ್ಲೇ ಶಾಲೆಯೊಂದರ ಗ್ರಂಥಪಾಲಕಿ ತನ್ನ ತಂದೆಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕೂರಿಸಿಕೊಂಡು ಬಂದಳು. ತಂದೆ ನಲವತ್ತು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿ ನಿವೃತ್ತರಾದವರು. ಅಲ್ಪವಿರಾಮ ಜಾರಿದರೂ ನಿದ್ದೆ ಕೆಡುವ ಜಾತಿ. ಕಾರಿನಲ್ಲಿ ಪೆಟ್ರೋಲ್ ವಾಸನೆ ಬರುತ್ತದೆಂದು ಅವರ ದೂರು. ಮಗಳು ಒಬ್ಬಳೇ ಓಡಿಸುವಾಗ ಏನೂ ಇಲ್ಲ. ಹಳದಿ ದೀಪ ತಿಂಗಳಿಗೊಮ್ಮೆ ಹತ್ತುವುದು, ತಾನೇ ಆರುವುದು. ಎರಡು ಗ್ಯಾರೇಜುಗಳಲ್ಲಿ ಮುಚ್ಚಳ ಬದಲಾಯಿಸಿದ್ದರು, ಕವಾಟ ಬದಲಾಯಿಸಿದ್ದರು. ವಯಸ್ಸಾದವರ ಮೂಗು ಇಲ್ಲದ ವಾಸನೆ ಹುಟ್ಟಿಸಿಕೊಳ್ಳುವುದುಂಟು ಎಂದು ವೈದ್ಯರೂ ಹೇಳಿದ್ದರು.

"ಮಕ್ಕಳೂ ತಾತ ಹೇಳಿದ್ದನ್ನೇ ಹೇಳ್ತವೆ. ಕಾರು ಹತ್ತಿದ್ರೆ ಮೂರೂ ಜನ ತಲೆನೋವು ಅಂತಾರೆ. ಇನ್ಮೇಲೆ ಅಪ್ಪನ್ನ ಕಾರಲ್ಲಿ ಕರ್ಕೊಂಡು ಹೋಗೋದೇ ಬೇಡ ಅಂದ್ಕೊಂಡಿದೀನಿ" ಎಂದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ, ದಣಿವಿತ್ತು.

ಮುದುಕರು ಕಿಟಕಿಯಾಚೆ ನೋಡುತ್ತ ಕೂತಿದ್ದರು. ಊರಿನ ಆ ತುದಿಯಲ್ಲಿ ಅವರ ಅಕ್ಕ ಇದ್ದಾಳೆ, ನಡೆಯಲಾರಳು. ಪ್ರತಿ ಭಾನುವಾರ ಹೋಗಿ ಅವಳೊಂದಿಗೆ ಎರಡು ಆಟ ಚದುರಂಗ ಆಡಿ ಬರುವುದು ಅವರ ವಾರದ ಸಡಗರ. ಕಾರು ತಪ್ಪಿದರೆ ಅದೂ ತಪ್ಪಿತು.

ಹೊಗೆಯಕ್ಕ ಬಾಗಿದರು, ಉಸಿರೆಳೆದರು. ಏನೂ ಇಲ್ಲ. ಕಾರನ್ನು ಲಿಫ್ಟಿನ ಮೇಲೆ ಎತ್ತಿಸಿ ಹೊಗೆ ಊದಿದರು. ಯಂತ್ರದ ಗಾಜಿನ ನಳಿಗೆಯಲ್ಲಿ ಒಂದು ಪುಟ್ಟ ಗುಂಡು ಇರುತ್ತದೆ; ಎಲ್ಲಾದರೂ ಸೋರಿದರೆ ಅದು ತೇಲುತ್ತದೆ, ಇಲ್ಲದಿದ್ದರೆ ತಳ ಹಿಡಿಯುತ್ತದೆ. ಗುಂಡು ತಳಕ್ಕೆ ಹೋಗಿ ಕೂತಿತು. ಹತ್ತು ನಿಮಿಷ ಕಾದರೂ ಮಿಸುಕಲಿಲ್ಲ.

ಹಿಂದಿನ ಹೊಗೆಯಕ್ಕನಾಗಿದ್ದರೆ ಬಹುಶಃ ಇಲ್ಲಿಗೆ ನಿಲ್ಲಿಸುತ್ತಿದ್ದರು. ಮೂಗೂ ಇಲ್ಲವೆಂದಿತು, ಯಂತ್ರವೂ ಇಲ್ಲವೆಂದಿತು. ಆದರೆ ಆವತ್ತು ತಮ್ಮ ಮೂಗಿನ ಸಾಕ್ಷಿಗೆ ಬೆಲೆಯಿಲ್ಲವೆಂದು ಅವರಿಗಷ್ಟೇ ಗೊತ್ತಿತ್ತು. ಅವರು ಬೆಂಚಿನ ಮೇಲೆ ಮುದುಕರ ಪಕ್ಕದಲ್ಲಿ ಹೋಗಿ ಕೂತರು. ಮಗಳಿಗೂ ಆಚೆ ನಿಂತಿದ್ದ ತಮ್ಮನಿಗೂ ಕೇಳಿಸುವಂತೆಯೇ, "ಯಜಮಾನರೇ, ನನಗೆ ಎರಡು ತಿಂಗಳಿಂದ ಯಾವ ವಾಸನೆನೂ ಬರಲ್ಲ. ನಿಮ್ಮ ಮೂಗನ್ನೇ ನಂಬ್ಕೊಂಡು ಕೆಲಸ ಮಾಡ್ಬೇಕು. ಯಾವಾಗ ಬರುತ್ತೆ, ಎಲ್ಲಿ ಬರುತ್ತೆ, ಬಿಡಿಸಿ ಹೇಳಿ" ಎಂದರು.

ಮುದುಕರು ಅವರ ಮುಖವನ್ನೇ ನೋಡಿದರು. ಆಮೇಲೆ ಕರಡು ಓದುವ ಸಾವಧಾನದಿಂದ ಹೇಳತೊಡಗಿದರು: ಮುಂದಿನ ಸೀಟಿನಲ್ಲಿ ಬರುವುದಿಲ್ಲ, ಹಿಂದೆ, ಬಲಗಡೆ ಮಾತ್ರ. ತಾನೊಬ್ಬನೇ ಹಿಂದೆ ಕೂತರೆ ಬರುವುದಿಲ್ಲ. ಮಕ್ಕಳಿಬ್ಬರೂ ಪಕ್ಕಕ್ಕೆ ಕೂತ ದಿನ ಬರುತ್ತದೆ. ರಸ್ತೆಯ ಉಬ್ಬು ದಾಟಿದ ಮೇಲೆ ಹೆಚ್ಚು.

ಅಕ್ಕ ಎದ್ದು ನಿಂತರು. "ಕಾರು ಇಳಿಸಪ್ಪ ಕೆಳಗೆ" ಎಂದರು ತಮ್ಮನಿಗೆ. "ಲಿಫ್ಟ್ ಮೇಲೆ ಚಕ್ರಗಳು ಜೋತಾಡ್ತಿವೆ, ಮೈಮೇಲೆ ಭಾರ ಇಲ್ಲ. ಇವರು ಹೇಳ್ತಿರೋದು ಭಾರ ಹೊತ್ತ ಕಾರಿನ ಮಾತು."

ಕಾರು ನೆಲಕ್ಕಿಳಿಯಿತು. ತಾತ, ಮೊಮ್ಮಕ್ಕಳು ಹಿಂದಿನ ಸೀಟಿನಲ್ಲಿ ಕೂತರು, ಬಾಗಿಲುಗಳನ್ನೆಲ್ಲ ತೆರೆದಿಟ್ಟರು. ಅಕ್ಕ ನೆಲದ ಮೇಲೆ ಚಾಪೆ ಹಾಸಿ, ಕೋಟಿನ ಸಮೇತ ಅಂಗಾತ ಮಲಗಿ, ಉದ್ದ ಹಿಡಿಯ ಕನ್ನಡಿಯೊಂದನ್ನು ಕಾರಿನಡಿಗೆ ಚಾಚಿದರು. ಹೊಗೆಯಂತ್ರವನ್ನು ತಮ್ಮ ಹಚ್ಚಿದ. ಗುಂಡು ತಳದಲ್ಲೇ ಇತ್ತು. "ಮಕ್ಕಳೇ, ಸ್ವಲ್ಪ ಕುಣಿದಾಡಿ ನೋಡೋಣ" ಎಂದು ಚಾಪೆಯ ಕಡೆಯಿಂದ ದನಿ ಬಂತು. ಇಂಥ ಅಪ್ಪಣೆ ಮತ್ತೆಲ್ಲಿ ಸಿಗಬೇಕು, ಇಬ್ಬರೂ ಸೀಟಿನ ಮೇಲೆ ಮನಸಾರೆ ಕುಪ್ಪಳಿಸಿದರು. ಕಾರಿನ ಮೈ ಕುಗ್ಗಿ ಕುಗ್ಗಿ ಎದ್ದಿತು. ಗಾಜಿನೊಳಗಿನ ಗುಂಡು ಅಲುಗಿ, ನಿಧಾನವಾಗಿ ತೇಲಿತು. ಬಲಗಡೆ, ಟ್ಯಾಂಕಿನಿಂದ ಇದ್ದಿಲ ಡಬ್ಬಿಗೆ ಹೋಗುವ ರಬ್ಬರ್ ಕೊಳವೆಯ ಮೇಲುಬದಿಯಿಂದ, ಹಿಂದಿನ ಆಕ್ಸಲಿನ ಒಂದು ಕಬ್ಬಿಣದ ಪಟ್ಟಿ ಬಂದು ಒತ್ತುವ ಜಾಗದಲ್ಲಿ, ಬಿಳಿಹೊಗೆಯ ಎಳೆಯೊಂದು ಹೊರಟು ಕನ್ನಡಿಯನ್ನು ಮಸುಕು ಮಾಡಿತು. ಭಾರ ಬಿದ್ದಾಗ ಬಾಯಿಬಿಟ್ಟು, ಭಾರ ಇಳಿದೊಡನೆ ಬಾಯಿ ಮುಚ್ಚಿಕೊಳ್ಳುವ ಬಿರುಕು.

ಗ್ರಂಥಪಾಲಕಿ ಬಗ್ಗಿ ಕನ್ನಡಿಯಲ್ಲಿ ಅದನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಎದ್ದು ಬಂದು ತಂದೆಯ ಪಕ್ಕದಲ್ಲಿ ಕಾರಿನ ಹೊಸ್ತಿಲ ಮೇಲೆ ಕೂತು, "ಅಪ್ಪ, ನೀವು ಹೇಳಿದ್ದು ಸರಿ ಇತ್ತು" ಎಂದಳು.

"ಸ್ಥಳಾನೂ ಸರಿಯಾಗೇ ಹೇಳಿದ್ದೆ. ಬಲಗಡೆ" ಎಂದರು ಮುದುಕರು, ತಿದ್ದುಪಡಿಯೊಂದನ್ನು ಅಂಚಿನಲ್ಲಿ ಬರೆಯುವಂತೆ.

ಕೊಳವೆ ಬದಲಾಯಿತು, ಪಟ್ಟಿಯನ್ನು ಬಾಗಿಸಿ ದೂರ ಸರಿಸಿದ್ದಾಯಿತು. ಸದ್ಯಕ್ಕೆ ಸುಮ್ಮನಾಗಿದೆಯೆಂದು ಹೇಳಿ ಅಕ್ಕ ಬೀಗದ ಕೈ ಕೊಟ್ಟರು. ಕಾರು ಹೊರಟ ಮೇಲೆ, ಕೈ ಒರೆಸಿಕೊಳ್ಳುತ್ತ ಬಂದ ತಮ್ಮ, "ಹಾಲು ಸೀದ ದಿನಾನೇ ಗೊತ್ತಾಗಿತ್ತು ಕಣಕ್ಕ. ನೀನಾಗೇ ಹೇಳ್ಲಿ ಅಂತ ಇದ್ದೆ" ಎಂದ. ಅಕ್ಕ ಅವನ ಬೆನ್ನಿಗೊಂದು ಗುದ್ದು ಕೊಟ್ಟು ಟೀ ತರಲು ಹೇಳಿದರು. ಟೀಯಲ್ಲಿ ಬಿಸಿಯಿತ್ತು, ಸಿಹಿಯಿತ್ತು, ಅಷ್ಟೇ ಸಾಕೆನಿಸಿತು. ಮೂಗು ಆಮೇಲೆ ಅರ್ಧದಷ್ಟು ಮರಳಿತೆಂದು ಕೇಳಿದ್ದೇವೆ. ಅಷ್ಟರಲ್ಲಿ ಅವರ ಪದ್ಧತಿಯೇ ಬದಲಾಗಿತ್ತು: ಮೊದಲು ಹಿಂದಿನ ಸೀಟಿನವರನ್ನು ಮಾತಾಡಿಸುವುದು, ಕಾರಿನ ಸರದಿ ಆಮೇಲೆ.

ಜಾಣ್ಮೆಯಿಂದ ಹೆಸರು ಮಾಡುವವರು ಎಲ್ಲ ಕಸುಬಿನಲ್ಲೂ ಇರುತ್ತಾರೆ. ಅವರನ್ನು ಗುರುತಿಸುವುದೂ ಸುಲಭ, ಹೊಗಳುವುದೂ ಸುಲಭ. ಅವರ ನಡುವೆ ಅಲ್ಲೊಬ್ಬರು ಇಲ್ಲೊಬ್ಬರು ಬೇರೆ ಬಗೆಯವರು ಸಿಗುತ್ತಾರೆ. ತಮಗೆ ಕಾಣದ್ದು ಇಲ್ಲವೇ ಇಲ್ಲ ಎಂದು ತೀರ್ಪು ಕೊಡಲು ಅವರಿಗೆ ಆತುರವಿಲ್ಲ. ಎದುರಿಗಿದ್ದವರು ನೋವೆಂದರೆ ನೋವಿಗೊಂದು ನೆಲೆ ಇರಲೇಬೇಕೆಂದು ಮೊದಲೇ ಒಪ್ಪಿಕೊಂಡು, ಆ ನೆಲೆಯನ್ನು ಹುಡುಕಲು ಮಂಡಿಯೂರುತ್ತಾರೆ. ಅಂಥವರು ದುರಸ್ತಿ ಮಾಡುವುದು ಯಂತ್ರವನ್ನೇ ಇರಬಹುದು. ಆದರೆ ಅವರ ಬಾಗಿಲಿನಿಂದ ಹೊರಟವರು, ತಮ್ಮ ಮಾತಿಗೆ ಮನೆಯಲ್ಲಿ ಮತ್ತೆ ಬೆಲೆ ಬಂದಿತೆಂಬ ನೆಮ್ಮದಿಯಿಂದ, ಕಿಟಕಿಯ ಗಾಜು ಇಳಿಸಿಕೊಂಡು ಮನೆಗೆ ಹೋಗುತ್ತಾರೆ.