ಸೊಂಗ್‌ಕ್ರಾನಿನ ನೀರು

ಪೆಟ್ಟಿಗೆ ಮನೆಯೊಳಗೆ ಬರುವಂತಿಲ್ಲ ಎಂದು ಅನಸೂಯಾ ಬಾಗಿಲಲ್ಲೇ ನಿಂತು ಹೇಳಿದಳು. ಹೇಳುವಾಗ ಅವಳ ಕಣ್ಣು ತುಂಬಿತ್ತು.

"ತಪ್ಪು ತಿಳ್ಕೋಬೇಡ ಕಣೆ ಅಹಲ್ಯಾ. ಅಸ್ಥೀನ ಹೊಸಿಲು ದಾಟಿಸಲ್ಲ. ಊರಲ್ಲಾಗಿದ್ರೆ ಮರಕ್ಕೆ ಕಟ್ಟಿರೋರು. ಇಲ್ಲಿ ಕಾರಿನ ಡಿಕ್ಕೀಲೇ ಇರ್ಲಿ."

ಅಹಲ್ಯಾ ತಲೆಯಾಡಿಸಿದಳು. ಮೆಲ್ಬರ್ನಿನ ಕ್ಲೇಟನ್‌ನಲ್ಲಿ ಐದು ತಿಂಗಳು ಆ ಪೆಟ್ಟಿಗೆ ತನ್ನ ಬೀರುವಿನಲ್ಲಿ, ಸುಘೋಷನ ಸ್ವೆಟರುಗಳ ಕೆಳಗೆ ಇತ್ತು ಎಂದು ಓರಗಿತ್ತಿಗೆ ಹೇಳಲು ಹೋಗಲಿಲ್ಲ.

ಸುಘೋಷ್ ಅವಳ ಗಂಡ. ಹೋದ ನವೆಂಬರಿನಲ್ಲಿ, ಮೂವತ್ತೊಂದನೆಯ ವಯಸ್ಸಿಗೆ, ಯೂನಿವರ್ಸಿಟಿಯ ಬಸ್ಸಿಗೆ ಕಾಯುತ್ತ ನಿಂತವನು ಅಲ್ಲೇ ಕುಸಿದ. ಆಸ್ಪತ್ರೆ ಎರಡು ಸ್ಟಾಪಿನಾಚೆ ಇತ್ತು, ಪ್ರಯೋಜನವಾಗಲಿಲ್ಲ. ಅವನ ಅಣ್ಣ ಲಕ್ಷ್ಮೀಶ ಸಿಡ್ನಿಯಿಂದ ಬಂದು ಎಲ್ಲ ಮುಗಿಸಿ ಹೋದ. ಬೂದಿ ಬಂದದ್ದು ವಾರ ಕಳೆದು, ಅಹಲ್ಯಾಳ ಕೈಗೆ. ತಂದುಕೊಡುತ್ತೇನೆ ಎಂದವಳು ಮೊದಲು ಪರೀಕ್ಷೆ ಎಂದಳು, ಆಮೇಲೆ ಜ್ವರ ಎಂದಳು. ಇನ್ನು ನೆಪ ಉಳಿದಿರಲಿಲ್ಲ. ಮಂಗಳವಾರ ಲಕ್ಷ್ಮೀಶ ಮೈಸೂರಿಗೆ ಹೊರಟಿದ್ದ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಡಲು ಪುರೋಹಿತರಿಗೂ ಹೇಳಿಯಾಗಿತ್ತು. ಅಹಲ್ಯಾ ಭಾನುವಾರ ಸಂಜೆಯ ವಿಮಾನಕ್ಕೆ ವಾಪಸು. ಅಷ್ಟರಲ್ಲಿ ಕೊಡಬೇಕು. ಡಿಕ್ಕಿಗೆ ಹೋದರೂ ಪೆಟ್ಟಿಗೆ ಇನ್ನೂ ಅವಳ ಬ್ಯಾಗಿನಲ್ಲಿತ್ತು, ಬ್ಯಾಗಿಗೆ ಬೀಗವಿತ್ತು. ಕೊಡದೆ ಹಾಗೇ ಹೊರಟುಬಿಟ್ಟರೆ ಏನಾದೀತು ಎಂದು ಅವಳು ಬರುವ ದಾರಿಯುದ್ದಕ್ಕೂ ಯೋಚಿಸಿದ್ದಳು.

ಸಿಡ್ನಿಯ ಕ್ವೇಕರ್ಸ್ ಹಿಲ್‌ನ ಆ ಬೀದಿಯಲ್ಲಿ ಪಕ್ಕದ ಮನೆಯವರು ವನಿದಾ, ಅರವತ್ತು ದಾಟಿದ ಥಾಯ್ ಹೆಂಗಸು. ಭಾನುವಾರ ಅವರನ್ನು ಥಾಯ್ ದೇವಸ್ಥಾನದ ಸೊಂಗ್‌ಕ್ರಾನಿಗೆ, ಅವರ ಹೊಸವರ್ಷದ ಹಬ್ಬಕ್ಕೆ, ಕಾರಿನಲ್ಲಿ ಕರೆದೊಯ್ಯುತ್ತೇನೆಂದು ಅನಸೂಯಾ ಮಾತು ಕೊಟ್ಟಿದ್ದಳು.

"ನೀನೂ ಬಾರೆ. ಅಲ್ಲಿಂದ ಸೀದಾ ಏರ್‌ಪೋರ್ಟಿಗೆ ಡ್ರಾಪ್ ಮಾಡ್ತೀವಿ."

"ಹಬ್ಬಕ್ಕೆ ಹೆಂಗೆ ಬರ್ಲಿ ಅಕ್ಕ?"

"ವರ್ಷ ತುಂಬೋವರ್ಗೂ ನಮ್ಮ ಹಬ್ಬ ಮಾಡೋ ಹಾಗಿಲ್ಲ. ಇದು ಅವರ ಹಬ್ಬ. ದೋಷ ಇಲ್ಲ."

"ಯಾವ ಶಾಸ್ತ್ರದಲ್ಲಿದೆ ಇದು?" ಎಂದು ಲಕ್ಷ್ಮೀಶ ಕೇಳಿದ.

"ನನ್ನ ಶಾಸ್ತ್ರದಲ್ಲಿ. ನೀವು ಕಾರ್ ತೆಗೀರಿ."

ದೇವಸ್ಥಾನದ ಹಿಂದಿನ ಹುಲ್ಲುಬಯಲಿನಲ್ಲಿ ಏಪ್ರಿಲ್ಲಿನ ಎಳೆಬಿಸಿಲಿತ್ತು. ಮಕ್ಕಳು ಬಕೆಟ್ಟು ಹಿಡಿದು ಕಂಡಕಂಡವರ ಮೇಲೆ ನೀರು ಎರಚುತ್ತಿದ್ದವು. ಒರಳಿನಲ್ಲಿ ಪಪ್ಪಾಯಿಕಾಯಿ ಕುಟ್ಟುತ್ತಿದ್ದವಳಿಗೆ ಅನಸೂಯಾ ಮೀನಿನ ಸಾಸು ಬೇಡ, ಸಿಗಡಿ ಬೇಡ, ಬೆಳ್ಳುಳ್ಳಿ ಬೇಡ ಎಂದು ಪಟ್ಟಿ ಒಪ್ಪಿಸಿದಳು. ಆಕೆ ಒನಕೆ ಕೆಳಗಿಟ್ಟು, ಬರೀ ಕಾಯಿಯನ್ನು ಬಾಳೆಲೆಯ ಮೇಲೆ ಹಾಕಿ ಕೊಟ್ಟಳು. ಅಂಟು ಅನ್ನ, ಮಾವಿನಹಣ್ಣು, ಮೇಲೆ ತೆಂಗಿನ ಹಾಲು: ಅಹಲ್ಯಾ ಒಂದು ತಟ್ಟೆ ಪೂರ್ತಿ ತಿಂದಳು. ಹಸಿವಾಗಿ ತಿಂದು ಎಷ್ಟು ದಿನವಾಗಿತ್ತೋ.

ಬಿಳಿ ಹಿಟ್ಟು ಕಲಸಿದ ಬಟ್ಟಲು ಹಿಡಿದ ಹುಡುಗಿಯೊಬ್ಬಳು ಎದುರು ನಿಂತು, ಹಚ್ಚಲಾ ಎಂದು ಕಣ್ಣಲ್ಲೇ ಕೇಳಿ, ಎರಡೂ ಕೆನ್ನೆಗೆ ಸವರಿದಳು. ತಣ್ಣಗಿತ್ತು. ಐದು ತಿಂಗಳಿಂದ ಯಾರೂ ಅವಳ ಮುಖ ಮುಟ್ಟಿರಲಿಲ್ಲ. ಬೆನ್ನಿಗೆ ಯಾರೋ ನೀರು ಎರಚಿದರು. ಅಹಲ್ಯಾ ನಕ್ಕುಬಿಟ್ಟಳು, ತಕ್ಷಣ ಕಾರು ನಿಂತ ಕಡೆ ನೋಡಿದಳು.

ಬೋಧಿವೃಕ್ಷದ ಚಿತ್ರದ ಕೆಳಗೆ ಉದ್ದನೆಯ ಮೇಜು. ಅದರ ಮೇಲೆ ಸತ್ತವರ ಫೋಟೋಗಳು, ಹೆಸರು ಬರೆದ ಚೀಟಿಗಳು, ಅಂಗೈಯಗಲದ ಭರಣಿಗಳು. ವನಿದಾ ಚೀಲದಿಂದ ಒಂದು ಹಿತ್ತಾಳೆಯ ಭರಣಿ ತೆಗೆದು ಮುಚ್ಚಳ ಬಿಚ್ಚಿದರು. ಒಳಗೆ ಹಳದಿಗಟ್ಟಿದ ನಾಲ್ಕೈದು ಮೂಳೆಯ ಚೂರು.

"ನನ್ನ ಗಂಡ," ಎಂದರು ತಮಗೆ ಬರುವಷ್ಟು ಇಂಗ್ಲಿಷಿನಲ್ಲಿ. "ಮಿಕ್ಕಿದ್ದು ನದಿಗೆ ಬಿಟ್ಟೆ. ಇಷ್ಟು ನನ್ನ ಹತ್ತಿರ. ವರ್ಷಕ್ಕೊಂದು ಸ್ನಾನ. ಬದುಕಿದ್ದಾಗಲೂ ಸ್ನಾನ ಅಂದ್ರೆ ಸೋಮಾರಿ."

ಮಲ್ಲಿಗೆ ಹಾಕಿದ ನೀರನ್ನು ಚೂರುಗಳ ಮೇಲೆ ಹನಿಹನಿಯಾಗಿ ಬಿಡುತ್ತ ಥಾಯ್ ಭಾಷೆಯಲ್ಲಿ ಏನೋ ಗೊಣಗಿದರು. ಗಂಡನನ್ನು ಬಯ್ಯುತ್ತಿದ್ದ ಹಾಗಿತ್ತು.

ಅಹಲ್ಯಾ ಲಕ್ಷ್ಮೀಶನ ಬಳಿ ಹೋಗಿ ಕಾರಿನ ಕೀ ಕೇಳಿದಳು.

ಬ್ಯಾಗಿನ ಬೀಗ ತೆಗೆದು ಪೆಟ್ಟಿಗೆಯನ್ನು ಡಿಕ್ಕಿಯ ಅಂಚಿಗೆ ಎಳೆದುಕೊಂಡಳು. ಇಷ್ಟು ದಿನ ಒಮ್ಮೆಯೂ ತೆರೆದಿರಲಿಲ್ಲ. ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ದಪ್ಪ ಚೀಲ, ಬಾಯಿಗೆ ತಂತಿ. ಬಿಚ್ಚಿ ಬೆರಳಿಳಿಸಿದಳು. ರವೆಯಂಥ ಬೂದು ಪುಡಿ. ಇನ್ನೂ ಆಳಕ್ಕೆ ಇಳಿಸಿದಳು. ತಳ ಸಿಕ್ಕಿತು.

ಹಿಂದೆಯೇ ಬಂದ ಲಕ್ಷ್ಮೀಶ, "ಏನ್ ಹುಡುಕ್ತಿದೀಯಮ್ಮ?" ಎಂದ.

"ಮೂಳೆ ಭಾವ. ಒಂದೇ ಸಾಕು, ಚಿಕ್ಕದು. ಮಿಕ್ಕಿದ್ದೆಲ್ಲ ನೀವು ತಗೊಂಡೋಗಿ."

ಲಕ್ಷ್ಮೀಶ ಡಿಕ್ಕಿಯ ಅಂಚಿಗೆ ಕೈಯೂರಿದ. "ಇಲ್ಲಿ ಮೂಳೆ ಇಡಲ್ಲಮ್ಮ. ಮೆಷೀನಿಗೆ ಹಾಕಿ ಪುಡಿ ಮಾಡಿ ಕೊಡ್ತಾರೆ."

"ನಿಮಗೆ ಗೊತ್ತಿತ್ತಾ?"

"ಫಾರಂನಲ್ಲಿತ್ತು. ನಿನ್ನ ಕೈಲಿ ಸೈನ್ ಮಾಡ್ಸಿದ್ದು ನಾನೇ. ಅದನ್ನ ಓದಿ ಹೇಳೋದು ಹೆಂಗೆ ಹೇಳು."

ಅವಳು ತಂತಿ ಸುತ್ತಿದಳು. ಪೆಟ್ಟಿಗೆಯನ್ನು ಎತ್ತಿಕೊಂಡು, ಎಲ್ಲಿಗೆಂದು ಗೊತ್ತಿಲ್ಲದೆ, ಬಯಲಿಗೇ ನಡೆದಳು. ಬಲಗೈಯ ಬೆರಳೆಲ್ಲ ಬೂದಿಯಾಗಿತ್ತು. ಅದನ್ನು ಸೀರೆಗೂ ಒರೆಸಲಿಲ್ಲ.

ನೆರಳಿನ ಬೆಂಚಿನ ಸಾಲಿನಲ್ಲಿ ವನಿದಾ ಕೂತಿದ್ದರು. ಅವಳನ್ನು ನೋಡಿ ಜರುಗಿ ಜಾಗ ಕೊಟ್ಟರು. "ಇದು ಮುದುಕರ ಬೆಂಚು. ಪರವಾಗಿಲ್ಲ, ಕೂತ್ಕೋ." ಅಹಲ್ಯಾ ಪೆಟ್ಟಿಗೆಯನ್ನು ಪಕ್ಕದಲ್ಲಿಟ್ಟು ಕೂತಳು. ಕಿರಿಯರು ಸಾಲಾಗಿ ಬಟ್ಟಲು ಹಿಡಿದು ಬರುತ್ತಿದ್ದರು. ಹಿರಿಯರು ಬೊಗಸೆ ಒಡ್ಡುವುದು, ಇವರು ನೀರೆರೆದು ಕೈ ಮುಗಿಯುವುದು, ಅವರು ಹರಸುವುದು. ಎಲ್ಲರ ಜೊತೆ ಅಹಲ್ಯಾಳ ಕೈಗಳೂ ಮುಂದೆ ಬಂದವು. ಅವಳ ಮನಸ್ಸು ಅಲ್ಲಿರಲಿಲ್ಲ.

ಕೆನ್ನೆಗೆ ಹಿಟ್ಟು ಹಚ್ಚಿದ ಹುಡುಗಿಯೇ ಬಗ್ಗಿ ನೀರೆರೆದಳು.

ಬೆರಳ ಸಂದಿಯಿಂದ ಬೂದು ಬಣ್ಣದ ನೀರು ಇಳಿಯಿತು. ಅಹಲ್ಯಾ ಕೈ ಮುಚ್ಚುವಷ್ಟರಲ್ಲಿ ಬರೀ ನೀರು ಇಳಿಯುತ್ತಿತ್ತು. ಬಿಚ್ಚಿ ನೋಡಿದಳು. ಬೆರಳುಗಳು ಚೊಕ್ಕವಾಗಿದ್ದವು. ಹುಡುಗಿ ಕೈ ಮುಗಿದು ಪಕ್ಕದವರ ಬಳಿ ಸರಿದಳು.

ಅಹಲ್ಯಾ ಎದ್ದಳು. ನೀರು ಬಿದ್ದ ಹುಲ್ಲಿನ ಆಚೆಗೊಂದು ಕಾಲು, ಈಚೆಗೊಂದು ಕಾಲು ಇಟ್ಟು ನಿಂತಳು.

"ಹೊರಡೋಣ್ವೇನೆ? ಫ್ಲೈಟಿಗೆ ಟೈಮಾಯ್ತು," ಎಂದು ಅನಸೂಯಾ ಬಂದಳು.

"ಒಂದ್ನಿಮಿಷ ಅಕ್ಕ."

"ಯಾಕೆ ಹಿಂಗೆ ನಿಂತಿದೀಯ?"

"ಇಲ್ಲಿ ಯಾರೂ ತುಳೀಬಾರ್ದು."

ಅನಸೂಯಾ ಕೆಳಗೆ ನೋಡಿದಳು, ಏನೂ ಕಾಣದೆ ಗಂಡನ ಮುಖ ನೋಡಿದಳು. ಲಕ್ಷ್ಮೀಶ ಬೆಂಚಿನ ಮೇಲಿದ್ದ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಎದೆಗೆ ಒತ್ತಿ ಹಿಡಿದು, ಕಾರಿನ ಕಡೆ ನಡೆದ. ಅಹಲ್ಯಾ ತಿರುಗಿ ನೋಡಲಿಲ್ಲ.

ಸಾಲು ಮುಂದುವರಿದಿತ್ತು. ಆ ಕಡೆಯೂ ಈ ಕಡೆಯೂ ನೀರು ಬೀಳುತ್ತಿತ್ತು. ಹುಲ್ಲೆಲ್ಲ ಒಂದೇ ಸಮ ಒದ್ದೆಯಾಗಿ, ಸ್ವಲ್ಪ ಹೊತ್ತಿಗೆ ಅವನು ಇಳಿದ ಜಾಗ ಯಾವುದೆಂದು ಅವಳಿಗೇ ತಿಳಿಯಲಿಲ್ಲ. ಆದರೂ ಕಾಲು ಕದಲಿಸಲಿಲ್ಲ.